ಹಾಸನದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್: ನಾನು ಬಂದ ದಾರಿ

2018ರಲ್ಲಿ ಎರಡನೇ ಸಲವೂ ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಕೈತಪ್ಪಿದಾಗ ಅಪ್ಪ ಏನೂ ಅನ್ನಲಿಲ್ಲ. ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು ಸುಲಿಯುತ್ತಲೇ ಇದ್ದರು. ಬಾಯಿ ತೆರೆದವರು ಚಿಕ್ಕಪ್ಪ: "ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಲಿ ಬಿಡಣ್ಣ." ಚನ್ನರಾಯಪಟ್ಟಣದ ಕಡೆಯ ನಮ್ಮೂರಿನಲ್ಲಿ ವಿಜ್ಞಾನ ಓದಿದ ಹುಡುಗಿಗೆ ಇರುವ ದಾರಿಗಳು ಇಷ್ಟೇ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಅದೇ ಬೇಸಿಗೆಯಲ್ಲಿ ಅಜ್ಜಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ದಿನಕ್ಕೆ ಮೂರು ಸಲ ಒಬ್ಬ ಹುಡುಗ ಬಂದು ಎದೆಯ ಗಾಯ ನೋಡುತ್ತಿದ್ದ, ಕಾಲು ಒತ್ತಿ ನೋಡುತ್ತಿದ್ದ, ಉಸಿರು ಎಳೆಸುತ್ತಿದ್ದ, ಕೊನೆಗೆ ನಮ್ಮ ಪಕ್ಕ ಕೂತು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದೆವು. ಮನೆಗೆ ಹೊರಡುವ ದಿನ ಅಪ್ಪ ಅವನ ಕೈಗೆ ಎಳನೀರು ಕೊಟ್ಟು "ಡಾಕ್ಟರೇ, ನಿಮ್ಮ ಉಪಕಾರ" ಎಂದಾಗ ಅವನು ನಕ್ಕು, "ನಾನು ಡಾಕ್ಟರಲ್ಲ ಸ್ವಾಮಿ, ಪಿಎ. ಫಿಸಿಷಿಯನ್ ಅಸಿಸ್ಟೆಂಟ್" ಎಂದ. ಊರಿಗೆ ಬರುವ ಬಸ್ಸಿನಲ್ಲಿ ಅಪ್ಪನೇ ಕೇಳಿದ್ದು: "ಅದನ್ನು ಓದಲು ಏನು ಮಾಡಬೇಕಂತೆ?"

ಮಾಡಬೇಕಾದದ್ದು ಕಷ್ಟದ್ದೇನಲ್ಲ, ಗೊತ್ತಿರಬೇಕು ಅಷ್ಟೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಾನು ಸೇರಿದ್ದು ನಾಲ್ಕು ವರ್ಷದ ಪದವಿಗೆ: ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಹಾಸನದಲ್ಲಿ ವಿಚಾರಿಸಿದ ಕಡೆಯಲ್ಲೆಲ್ಲಾ "ಪ್ಯಾರಾಮೆಡಿಕಲ್ ತಾನೇ, ಇಲ್ಲೇ ಡಿಪ್ಲೊಮಾ ಇದೆಯಲ್ಲ" ಎಂದರು. ಅದು ಬೇರೆ, ಇದು ಬೇರೆ. ಡಿಪ್ಲೊಮಾ ಮಾಡಿದವರು ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಹೀಗೆ ಒಂದೊಂದು ಕೆಲಸದಲ್ಲಿ ಪಳಗುತ್ತಾರೆ. ಪಿಎ ಆದವರು ವೈದ್ಯರ ಪಕ್ಕದಲ್ಲಿ ನಿಂತು ರೋಗಿಯ ಕಥೆ ಕೇಳುವುದು, ತಪಾಸಣೆ ಮಾಡುವುದು, ವರದಿ ಜೋಡಿಸುವುದು, ಆಪರೇಷನ್‌ನಲ್ಲಿ ಕೈ ಕೊಡುವುದು ಇವನ್ನೆಲ್ಲ ಕಲಿಯುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಡಾ. ಯೂಜೀನ್ ಸ್ಟೆಡ್ ಈ ಓದನ್ನು ಆರಂಭಿಸಿದಾಗ ಸೇರಿಸಿಕೊಂಡದ್ದು ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಬಂದಿದ್ದವರನ್ನು. ನಮ್ಮ ದೇಶಕ್ಕೆ ಅದನ್ನು 1992ರಲ್ಲಿ ತಂದವರು ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್. ಅಜ್ಜಿಯ ಬಳಿ ಬಂದವನು ಹೃದಯದ ವಾರ್ಡಿನಲ್ಲೇ ಸಿಕ್ಕಿದ್ದು ಆಕಸ್ಮಿಕವಲ್ಲ ಎಂದು ಇದನ್ನು ಓದಿದ ಮೇಲೆ ಅನ್ನಿಸಿತು.

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೂಳೆಗಳ ಲ್ಯಾಟಿನ್ ಹೆಸರುಗಳಿಗಿಂತ ಅವನ್ನು ವಿವರಿಸುವ ಇಂಗ್ಲಿಷೇ ಕಷ್ಟವಾಯಿತು. ಎರಡನೇ ವರ್ಷದ ಕೊನೆಯ ಪಾಠಗಳು ಕೋವಿಡ್‌ನಿಂದಾಗಿ ಮೊಬೈಲ್‌ನಲ್ಲೇ ಕಳೆದುಹೋದವು. ಮನೆಯ ತಾರಸಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಇತ್ತು, ಫಾರ್ಮಕಾಲಜಿಯನ್ನು ಕೊಡೆ ಹಿಡಿದುಕೊಂಡು ಓದಿದ್ದೇನೆ.

ಕೆಲಸ ಕೈಗೆ ಹತ್ತಿದ್ದು ಇಂಟರ್ನ್‌ಶಿಪ್‌ನಲ್ಲಿ. ಬೈಪಾಸ್‌ಗೆ ಬೇಕಾದ ರಕ್ತನಾಳವನ್ನು ಹೆಚ್ಚಾಗಿ ರೋಗಿಯ ಕಾಲಿನಿಂದಲೇ ತೆಗೆಯುತ್ತಾರೆ. ಒಳಗಣಕಾಲಿನ ಮುಂದೆ ಸಣ್ಣದಾಗಿ ಕೊಯ್ದು, ನಾಳವನ್ನು ಕಂಡುಕೊಂಡು, ಮೇಲಕ್ಕೆ ಬಿಡಿಸುತ್ತಾ ಹೋಗಬೇಕು. ದಾರಿಯಲ್ಲಿ ಸಿಗುವ ಕವಲುಗಳನ್ನೆಲ್ಲ ದಾರದಿಂದ ಕಟ್ಟಿ ಕತ್ತರಿಸಬೇಕು. ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ನಾಳ ಸೀಳುತ್ತದೆ. ಆ ಗಂಟನ್ನು ನಾನು ಹಾಸ್ಟೆಲ್ ಮಂಚದ ಕಾಲಿಗೆ ನೂರಾರು ಸಲ ಹಾಕಿದ್ದೆ. ಆದರೂ ಹದ ತಿಳಿದದ್ದು ಊರಿಗೆ ಬಂದಾಗ, ಅಜ್ಜಿ ಬಾಳೆನಾರಿನಲ್ಲಿ ಕನಕಾಂಬರ ಕಟ್ಟುವುದನ್ನು ನೋಡಿ. ತೊಟ್ಟು ತುಂಡಾಗದಂತೆ, ಹೂವು ಜಾರದಂತೆ, ಅವರು ಎಳೆದ ನಾರು ಒಂದು ಕಡೆ ಬಂದು ನಿಲ್ಲುತ್ತಿತ್ತು. ಅಜ್ಜಿಯನ್ನು ಕೇಳಿದರೆ "ಅದೇನು ಹೇಳಿಕೊಡುವುದೇ ಮಗಳೇ, ಬೆರಳಿಗೆ ಗೊತ್ತಾಗುತ್ತದೆ" ಎಂದರು.

ಸರ್ಜನ್ ಪಕ್ಕದಲ್ಲಿ ನಿಂತು ಮೊದಲ ಸಲ ನನ್ನ ಕೈಗೆ ಕೊಟ್ಟ ದಿನ ಗಂಟುಗಳೆಲ್ಲ ಸರಿಯಾಗಿಯೇ ಬಿದ್ದವು. ತಪ್ಪಾದದ್ದು ಬೇರೆ ಕಡೆ. ನಾಳ ಜಾರುತ್ತದೆಂದು ಭಯವಾಗಿ ಅದನ್ನೇ ಇಕ್ಕಳದಿಂದ ಹಿಡಿದುಬಿಟ್ಟೆ. ನಾಳದ ಸುತ್ತಲಿನ ಪೊರೆಯನ್ನು ಹಿಡಿಯಬೇಕೇ ಹೊರತು ನಾಳವನ್ನು ಹಿಡಿಯಬಾರದು, ಒಳಪದರ ನಲುಗಿದರೆ ಮುಂದೆ ಅಲ್ಲೇ ರಕ್ತ ಹೆಪ್ಪುಗಟ್ಟಬಹುದು. ಸರ್ ಬೈಯಲಿಲ್ಲ. ನಲುಗಿದ ಭಾಗವನ್ನು ಕತ್ತರಿಸಿ ಬಟ್ಟಲಿಗೆ ಹಾಕಿ, "ಇಷ್ಟು ಉದ್ದವನ್ನು ಮತ್ತೆ ಮೇಲಿನಿಂದ ತೆಗೆ" ಎಂದರು. ನನ್ನಿಂದಾಗಿ ಆ ರೋಗಿಯ ತೊಡೆಯ ಮೇಲಿನ ಗಾಯ ಎರಡು ಬೆರಳಷ್ಟು ಉದ್ದವಾಯಿತು. ಮರುದಿನದಿಂದ ಅವರ ಬ್ಯಾಂಡೇಜನ್ನು ನಾನೇ ಬಿಚ್ಚುತ್ತಿದ್ದೆ.

ಪದವಿ ಮುಗಿಸಿ ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ಬೆಂಗಳೂರಿನಲ್ಲಿ ಸಂಬಳ ಹೆಚ್ಚು, ನಿಜ. ಆದರೆ ಇಲ್ಲಿ ರೋಗಿ ಏನು ಹೇಳಿದರೂ ಅದು ನಮ್ಮ ಮನೆಯ ಮಾತು. ಪುಸ್ತಕದಲ್ಲಿ ಎದೆನೋವು ಎಂದರೆ ಎದೆನೋವು. ನಮ್ಮ ಕಡೆಯವರು ಹಾಗೆ ಹೇಳುವುದಿಲ್ಲ. "ಎದೆ ಹಿಡಿದ ಹಾಗಾಗುತ್ತದೆ", "ಜೀವ ಬೇಜಾರು", "ರೆಟ್ಟೆ ಸೆಳೆತ", ಎಲ್ಲಕ್ಕಿಂತ ಹೆಚ್ಚಾಗಿ "ಗ್ಯಾಸು." ಒಂದು ಜನವರಿಯ ಬೆಳಗ್ಗೆ ಅರಸೀಕೆರೆ ಕಡೆಯಿಂದ ಒಬ್ಬರು ಬಂದರು. "ಗ್ಯಾಸು ಮೇಡಂ, ಸೋಡಾ ಕುಡಿದೆ, ಇಳಿಯಲಿಲ್ಲ." ಹೊರಗೆ ಮಂಜು ಸುರಿಯುತ್ತಿತ್ತು, ಅವರ ಬನಿಯನ್ ಬೆವರಿನಿಂದ ಮೈಗೆ ಅಂಟಿತ್ತು. ಇಸಿಜಿಯಲ್ಲಿ ಹೃದಯದ ತಳಭಾಗವನ್ನು ತೋರಿಸುವ ಎರಡು, ಮೂರು, ಎವಿಎಫ್ ಎಂಬ ಲೀಡ್‌ಗಳ ಗೆರೆಗಳು ಎದ್ದು ನಿಂತಿದ್ದವು. ಹೃದಯದ ತಳಭಾಗದ ಆಘಾತ. ಜೊತೆಗೆ ಬಂದಿದ್ದ ಮಗ ಜೇಬಿನಿಂದ ನಾಲಗೆಯಡಿ ಇಡುವ ಮಾತ್ರೆ ತೆಗೆದು, "ಇದನ್ನು ಕೊಡಲೇ?" ಎಂದ. ಈ ಬಗೆಯ ಆಘಾತ ಹೃದಯದ ಬಲಭಾಗಕ್ಕೂ ಹಬ್ಬಿದ್ದರೆ ಆ ಮಾತ್ರೆಯಿಂದ ಬಿಪಿ ಕುಸಿದುಬೀಳಬಹುದು. ಬೇಡ ಎಂದು ತಡೆದು, ಬಲಗಡೆಯ ಇಸಿಜಿ ತೆಗೆಯುತ್ತಲೇ ಹೃದ್ರೋಗ ತಜ್ಞರಿಗೆ ಫೋನ್ ಮಾಡಿದೆ. ಅವರು ಬಂದರು, ಮುಂದಿನದೆಲ್ಲ ಅವರದು. ನನ್ನ ಕೆಲಸ ಆ ಏಳೆಂಟು ನಿಮಿಷ.

2025ರ ಜೂನ್ ಜುಲೈನಲ್ಲಿ ಹಾಸನದ ಹೃದಯಾಘಾತಗಳೇ ಸುದ್ದಿಯಾದಾಗ ಇಡೀ ಜಿಲ್ಲೆ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಂತಾಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಆದರೆ ಇಪ್ಪತ್ತೆರಡರ ಹುಡುಗರು ಇಸಿಜಿಗೆ ಸಾಲು ನಿಂತದ್ದು ವರದಿ ಬಂದ ಮೇಲೂ ನಿಲ್ಲಲಿಲ್ಲ. ಆ ವಾರಗಳಲ್ಲಿ ನಾನು ಮಾಡಿದ್ದು ಹೆಚ್ಚಾಗಿ ಮಾತು. ಬೀಡಿ ಎಷ್ಟು, ನಿದ್ದೆ ಎಷ್ಟು, ಅಪ್ಪನಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತು.

ಇನ್ನು ಲೈಸೆನ್ಸಿನ ವಿಷಯ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ನಾನು ಮೂರನೇ ವರ್ಷದಲ್ಲಿದ್ದಾಗ, 2021ರ ಮಾರ್ಚ್‌ನಲ್ಲಿ, ಅಲೈಡ್ (ವೈದ್ಯರಿಗೆ ಜೊತೆಯಾಗಿ ಕೆಲಸ ಮಾಡುವ) ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಹತ್ತು ವರ್ಗಗಳಿವೆ, ನಮ್ಮದು ಒಂಬತ್ತನೆಯದು. ಅಲ್ಲಿಯವರೆಗೆ ನಮ್ಮ ಹೆಸರು ಯಾವ ಕಾನೂನಿನಲ್ಲೂ ನೆಟ್ಟಗೆ ಇರಲಿಲ್ಲ. ರಾಜ್ಯಕ್ಕೊಂದು ಪರಿಷತ್ತು, ಅದರ ರಿಜಿಸ್ಟರಿನಲ್ಲಿ ಹೆಸರು, ಆಮೇಲೆ ವೃತ್ತಿ ಎಂಬುದು ಕಾಯ್ದೆಯ ಕ್ರಮ. ಅದು ಓದನ್ನು ಅಳೆಯುವುದು ವರ್ಷಗಳ ಜೊತೆಗೆ ಗಂಟೆಗಳಲ್ಲಿ: ಅಲೈಡ್ ವೃತ್ತಿಗೆ ಕನಿಷ್ಠ 2000, ಹೆಲ್ತ್‌ಕೇರ್ ವೃತ್ತಿಗೆ ಕನಿಷ್ಠ 3600. ನನ್ನ ಅಂಕಪಟ್ಟಿಯಲ್ಲಿ ಗಂಟೆಯ ಲೆಕ್ಕವೇ ಇರಲಿಲ್ಲ. ಅದನ್ನು ಬರೆಸಿಕೊಳ್ಳಲು ಮೂರು ಸಲ ಬೆಂಗಳೂರಿಗೆ ಹೋದೆ, ಎರಡು ಸಲ ಗುಮಾಸ್ತರು ಊಟಕ್ಕೆ ಹೋಗಿದ್ದರು. ಆದ್ದರಿಂದ ಈಗ ಓದುತ್ತಿರುವವರಿಗೆ ಹೇಳುತ್ತೇನೆ: ಪಠ್ಯಕ್ರಮದ ಪ್ರತಿ, ವಿಭಾಗವಾರು ಇಂಟರ್ನ್‌ಶಿಪ್ ಗಂಟೆಗಳು, ಲಾಗ್‌ಬುಕ್, ಇವಕ್ಕೆ ಮುದ್ರೆ ಹಾಕಿಸಿಕೊಂಡೇ ಕಾಲೇಜಿನಿಂದ ಹೊರಬನ್ನಿ.

ಅಮೆರಿಕಕ್ಕೆ ನೇರ ಕಳಿಸುತ್ತೇವೆ ಎನ್ನುವ ಏಜೆಂಟರೂ ಸಿಗುತ್ತಾರೆ. ನನಗೂ ಒಬ್ಬರು ಸಿಕ್ಕಿದ್ದರು, ಮುಂಗಡ ಕೇಳಿದರು. ಅಲ್ಲಿಯ ಪ್ಯಾನ್ಸ್ ಪರೀಕ್ಷೆಗೆ ಕೂರಬೇಕಾದರೆ ಅಲ್ಲಿ ಮಾನ್ಯತೆ ಪಡೆದ ಪಿಎ ಕೋರ್ಸನ್ನೇ ಮುಗಿಸಿರಬೇಕು. ಮುನ್ನೂರು ಪ್ರಶ್ನೆಗಳ ಆ ಪರೀಕ್ಷೆ ಪಾಸಾಗದೆ ಯಾವ ರಾಜ್ಯವೂ ಲೈಸೆನ್ಸ್ ಕೊಡುವುದಿಲ್ಲ. ಇಲ್ಲಿಯ ಪದವಿ ಹಿಡಿದುಕೊಂಡು ಅಲ್ಲಿ ಪಿಎ ಆಗಲು ಬರುವುದಿಲ್ಲ ಎಂದು ತಿಳಿದ ಮೇಲೆ ಆ ಏಜೆಂಟರ ಫೋನ್ ಎತ್ತಲಿಲ್ಲ.

ಊರಿನಲ್ಲಿ ಮಾತ್ರ ನನಗೆ ಈಗಲೂ ಇಕ್ಕಟ್ಟು. ಕಳೆದ ಗೌರಿ ಹಬ್ಬದಲ್ಲಿ ಚಿಕ್ಕಪ್ಪನಿಗೆ ಕೆಮ್ಮು. "ಒಂದು ಆ್ಯಂಟಿಬಯೋಟಿಕ್ ಬರೆದುಕೊಡು" ಎಂದರು. ನಾನು ಸ್ವಂತವಾಗಿ ಔಷಧ ಬರೆಯುವಂತಿಲ್ಲ ಎಂದೆ. "ನಾಲ್ಕು ವರ್ಷ ಓದಿ ಒಂದು ಮಾತ್ರೆ ಬರೆಯಲು ಬರುವುದಿಲ್ಲವೇ?" ಎಂದು ಚಿಕ್ಕಮ್ಮ ಮುಖ ತಿರುಗಿಸಿದರು. ಬಿಪಿ ನೋಡಿದೆ, ಎದೆ ಕೇಳಿದೆ, ಮರುದಿನ ಚನ್ನರಾಯಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕಮ್ಮ ಕೊಟ್ಟ ಹೋಳಿಗೆಯಲ್ಲಿ ತುಪ್ಪ ಕಡಿಮೆಯಿತ್ತು.

ಅದೇ ಚಿಕ್ಕಪ್ಪ ಈ ವರ್ಷ ಮಗಳನ್ನು ಹಾಸನಕ್ಕೆ ಕರೆದುಕೊಂಡು ಬಂದು, "ಇವಳನ್ನೂ ಇದಕ್ಕೇ ಸೇರಿಸೋಣವೇ?" ಎಂದರು. ಅವಳಿಗೆ ಕೋರ್ಸಿನ ಬಗ್ಗೆ ನಾನೇನೂ ಹೇಳಲಿಲ್ಲ. ಒಂದು ಬೆಳಗ್ಗೆ ಒಪಿಡಿಯ ಹೊರಗಿನ ಬೆಂಚಿನಲ್ಲಿ ಸುಮ್ಮನೆ ಕೂರಿಸಿದೆ. ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ಮುದ್ದೆ ಮುರಿಯುತ್ತಾ, "ಏನು ಕಂಡೆ?" ಎಂದೆ. ಅವಳು ತಡೆದು ತಡೆದು ಹೇಳಿದಳು: "ಅಕ್ಕ, ಬಿಳಿ ಪಂಚೆಯ ಅಜ್ಜನ ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋಗಿತ್ತು. ಚಪ್ಪಲಿ ಹಳೆಯದು, ಕಾಲು ಮಾತ್ರ ಈಗ ದಪ್ಪವಾದ ಹಾಗಿತ್ತು."

ಆ ಅಜ್ಜ ಸುಸ್ತು ಎಂದು ಬಂದಿದ್ದರು. ನಾನು ಬರೆದ ಹಾಳೆಯಲ್ಲಿ ಕಾಲಿನ ಬಾವಿನ ಮಾತೇ ಇರಲಿಲ್ಲ. ಕೈ ತೊಳೆದು ಎದ್ದುಹೋದೆ. ಅವರು ಇನ್ನೂ ರಕ್ತ ಪರೀಕ್ಷೆಯ ವರದಿಗೆ ಕಾಯುತ್ತಾ ಕೂತಿದ್ದರು. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದೆ. ಕುಳಿ ಹಾಗೆಯೇ ಉಳಿಯಿತು.