ನಾಣ್ಯ, ಊಟದ ತಟ್ಟೆ ಮತ್ತು ಕಂಕಣ ಗ್ರಹಣ

2031ರ ಮೇ 21ರ ಕಂಕಣ ಸೂರ್ಯಗ್ರಹಣಕ್ಕಾಗಿ ನಾನು ಈಗಲೇ ಉಪಕರಣ ಹೊಂದಿಸಿಕೊಳ್ಳುತ್ತಿರುವುದನ್ನು ಕಂಡು ಮನೆಯವರು ನಗುತ್ತಾರೆ. ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಮಾಡಿದ ತಪ್ಪುಗಳೇ ಈ ಅವಸರಕ್ಕೆ ಕಾರಣ.

ಆ ವರ್ಷ ಸಿದ್ಧತೆಯನ್ನು ಶಾಲೆಯ ಅಂಗಳದಲ್ಲಿಯೇ ಆರಂಭಿಸಿದ್ದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು, ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು, ಆದ್ದರಿಂದ ಎರಡೂ ನಮ್ಮ ಕಣ್ಣಿಗೆ ಒಂದೇ ಗಾತ್ರದವಾಗಿ ಕಾಣುತ್ತವೆ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ. ಹೀಗಾಗಿ 28 ಸೆಂಟಿಮೀಟರ್ ಅಗಲದ ಊಟದ ತಟ್ಟೆಗೆ ಹಳದಿ ಕಾಗದ ಅಂಟಿಸಿ ಕಾಂಪೌಂಡ್ ಗೋಡೆಗೆ ತೂಗುಹಾಕಿ, ಅದರಿಂದ 30 ಮೀಟರ್ ದೂರದಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದೆ. ಕಡ್ಡಿಗೆ ಅಂಟಿಸಿದ 25 ಮಿಲಿಮೀಟರ್ ಅಗಲದ ನಾಣ್ಯವನ್ನು ಕಣ್ಣಿನಿಂದ 2 ಮೀಟರ್ 68 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ತಟ್ಟೆ ಸರಿಯಾಗಿ ಮುಚ್ಚಿಹೋಗುತ್ತದೆ. ಅಲ್ಲಿಂದ ನಾಣ್ಯವನ್ನು ಎಂಟು ಸೆಂಟಿಮೀಟರ್ ಮಾತ್ರ ತಟ್ಟೆಯ ಕಡೆಗೆ ಸರಿಸಿದಾಗ ಸುತ್ತಲೂ ಹಳದಿ ಗೆರೆಯೊಂದು ಇಣುಕಿತು. ಅದೇ 2019ರ ಕಂಕಣ. ಅಂದು ಚಂದ್ರನ ತೋರಿಕೆಯ ವ್ಯಾಸ ಸೂರ್ಯನದರ ಸುಮಾರು ಶೇ. 97ರಷ್ಟಿತ್ತು. 2010ರ ಜನವರಿ 15ರ ಗ್ರಹಣದಲ್ಲಿ ಅದು ಶೇ. 92ರಷ್ಟು ಮಾತ್ರ ಇದ್ದುದರಿಂದ, ಆ ಕಂಕಣವನ್ನು ತೋರಿಸಲು ನಾಣ್ಯವನ್ನು ಸುಮಾರು 24 ಸೆಂಟಿಮೀಟರ್ ಸರಿಸಬೇಕಾಯಿತು. ಚಂದ್ರ ದೂರದಲ್ಲಿದ್ದು, ಭೂಮಿ ಜನವರಿಯಲ್ಲಿ ಸೂರ್ಯನಿಗೆ ಹತ್ತಿರವಿದ್ದ ಕಾರಣ ಆ ಗ್ರಹಣದ ಕಂಕಣ ಗರಿಷ್ಠ 11 ನಿಮಿಷ 8 ಸೆಕೆಂಡು ಉಳಿಯಿತು.

ನಾಣ್ಯ ಹೀಗೆ ಹಿಂದೆಮುಂದೆ ಸರಿಯುವುದೇ ಕಂಕಣದ ಗುಟ್ಟು. ಚಂದ್ರನ ಕಕ್ಷೆ ಪೂರ್ಣ ವೃತ್ತವಲ್ಲವಾದ್ದರಿಂದ ಅದರ ದೂರ ಸುಮಾರು 3,56,500 ಕಿಲೋಮೀಟರ್‌ನಿಂದ 4,06,700 ಕಿಲೋಮೀಟರ್‌ವರೆಗೆ ಬದಲಾಗುತ್ತದೆ. ಚಂದ್ರನ ದಟ್ಟ ನೆರಳಿನ ಶಂಕುವಿನ ಉದ್ದವಾದರೋ ಮೂರು ಮುಕ್ಕಾಲು ಲಕ್ಷ ಕಿಲೋಮೀಟರ್‌ನ ಆಸುಪಾಸು. ಚಂದ್ರ ದೂರವಿದ್ದಾಗ ಆ ಶಂಕುವಿನ ತುದಿ ನೆಲ ಮುಟ್ಟದೆ ಆಕಾಶದಲ್ಲಿಯೇ ಮುಗಿಯುತ್ತದೆ. ಅದರ ಕೆಳಗೆ ನಿಂತವರಿಗೆ ಚಂದ್ರನ ಸುತ್ತ ಸೂರ್ಯನ ಅಂಚು ಬಳೆಯಂತೆ ಉಳಿದು ಕಾಣುತ್ತದೆ. ಪ್ರತಿ ಅಮಾವಾಸ್ಯೆಗೂ ಗ್ರಹಣವೇಕಿಲ್ಲ ಎಂದು ಹುಡುಗಿಯೊಬ್ಬಳು ಕೇಳಿದಾಗ, ಚಂದ್ರನ ಕಕ್ಷೆ ಐದು ಡಿಗ್ರಿಯಷ್ಟು ಓರೆಯಾಗಿದೆಯೆಂದೂ, ಸೂರ್ಯನ ಪಥವನ್ನು ಅದು ದಾಟುವ ಎರಡು ಬಿಂದುಗಳೇ ಪಂಚಾಂಗದ ರಾಹು ಮತ್ತು ಕೇತುವೆಂದೂ, ಅಮಾವಾಸ್ಯೆ ಅವುಗಳ ಸಮೀಪ ಬಂದಾಗ ಮಾತ್ರ ಗ್ರಹಣವಾಗುತ್ತದೆಯೆಂದೂ ವಿವರಿಸಿದೆ.

ಹಾಸನ ಜಿಲ್ಲೆ ಕಂಕಣದ ಹಾದಿಯಿಂದ ಹೊರಗಿತ್ತು. ಸೂರ್ಯಬಿಂಬದ ಬಹುಭಾಗ ಇಲ್ಲಿಯೇ ಮುಚ್ಚುವಾಗ ದೂರ ಹೋಗುವುದೇಕೆ ಎಂದು ಸಹೋದ್ಯೋಗಿಗಳು ಕೇಳಿದರು. ನನಗೂ ಸ್ವಲ್ಪ ಅನುಮಾನವಿತ್ತು. ಕೊನೆಗೆ ಅವರು ಮಕ್ಕಳೊಂದಿಗೆ ಶಾಲೆಯಲ್ಲಿ ಉಳಿದರು. ನಾವು ನಾಲ್ವರು ಹಿಂದಿನ ದಿನವೇ ಜೀಪಿನಲ್ಲಿ ಕೊಡಗಿನ ಕುಟ್ಟಕ್ಕೆ ಹೊರಟೆವು. ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಫೋನಿನಲ್ಲಿ ಹೋಲಿಸಿ ನೋಡಿದಾಗ ಅನುಮಾನ ತೀರಿತು. ಶಾಲೆಯಲ್ಲಿ ಕಂಡದ್ದು ಎರಡು ಕೊಂಬಿನ ಕುಡುಗೋಲು, ಕುಟ್ಟದಲ್ಲಿ ಕೊಂಬುಗಳೆರಡೂ ಬೆಳೆದು ಕೂಡಿಕೊಂಡು ಮೂರು ನಿಮಿಷಕ್ಕಿಂತ ಕಡಿಮೆ ಹೊತ್ತು ಬಳೆಯಾಗಿ ನಿಂತವು. ನಾವು ನಡುಗೆರೆಯ ಮೇಲಿರದೆ ಉತ್ತರಕ್ಕಿದ್ದುದರಿಂದ ಬಳೆಯ ಒಂದು ಬದಿ ದಪ್ಪವಾಗಿಯೂ ಇನ್ನೊಂದು ಬದಿ ತೆಳುವಾಗಿಯೂ ಇತ್ತು. ಮರದಡಿಯಲ್ಲಿ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಉಂಗುರಗಳಾಗಿದ್ದವು; ಉಪಕರಣಗಳನ್ನು ಬಿಟ್ಟು ನಾವೆಲ್ಲ ನೆಲ ನೋಡುತ್ತ ಅರ್ಧ ನಿಮಿಷ ಕಳೆದೆವು.

ನನ್ನ ತಪ್ಪು ಆದದ್ದು ಚೆಂಡು-ಕನ್ನಡಿಯಲ್ಲಿ. ಮರಳು ತುಂಬಿದ ಚೆಂಡಿನ ಮೇಲೆ ಸಣ್ಣ ಕನ್ನಡಿ ಅಂಟಿಸಿ, ಅದಕ್ಕೆ ಆರು ಮಿಲಿಮೀಟರ್ ರಂಧ್ರವಿರುವ ಕಾಗದ ಹೊದಿಸಿ, ಹತ್ತು ಮೀಟರ್ ದೂರದ ನೆರಳುಗೋಡೆಗೆ ಬೆಳಕು ಬೀರಿದರೆ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಅಗಲದ ಸೂರ್ಯಬಿಂಬ ಮೂಡುತ್ತದೆ. ಗೋಡೆಯ ಮೇಲೆ ದಪ್ಪನೆಯ ಉಂಗುರ ಮೂಡಿದಾಗ ಸುತ್ತಲಿದ್ದವರು ಸಂತೋಷಪಟ್ಟರು, ಆದರೆ ಆ ದಪ್ಪ ಸುಳ್ಳು. ರಂಧ್ರದ ಅಗಲದಷ್ಟು ಮಸುಕು ಬಿಂಬದ ಪ್ರತಿ ಅಂಚಿಗೂ ಸೇರುತ್ತದೆ; ಒಂದೆರಡು ಮಿಲಿಮೀಟರ್‌ನ ಕಂಕಣ ಅದರಲ್ಲಿ ಕರಗಿಹೋಗುತ್ತದೆ. ಪುಟ್ಟ ದೂರದರ್ಶಕದಿಂದ ಬಿಳಿ ಕಾಗದದ ಮೇಲೆ ಬೀಳಿಸಿಕೊಂಡ ಬಿಂಬದಲ್ಲಿ ಮಾತ್ರ ಕಂಕಣ ನಿಜವಾದ ತೆಳುವಿನಲ್ಲಿ ಕಂಡಿತು. ಪೆನ್ಸಿಲಿನಿಂದ ಗೆರೆ ಎಳೆದು ಅಳೆದಾಗ ಸೂರ್ಯ 90 ಮಿಲಿಮೀಟರ್, ಚಂದ್ರ 87 ಮಿಲಿಮೀಟರ್ ಬಂತು. ಪೆನ್ಸಿಲ್ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪವಿರುವುದರಿಂದ ಈ ಲೆಕ್ಕಕ್ಕೆ ಹೆಚ್ಚಿನ ಗೌರವ ಕೊಡಲಾರೆ, ಆದರೂ ಅಂಗಳದ ನಾಣ್ಯದ ಎಂಟು ಸೆಂಟಿಮೀಟರ್‌ಗೆ ಅದು ಹೊಂದಿಕೊಂಡಿತು.

ನೇರವಾಗಿ ನೋಡಲು ಗ್ರಹಣ ಕನ್ನಡಕಗಳನ್ನು ಮಾತ್ರ ಬಳಸಿದೆವು. ಮಸಿ ಬಳಿದ ಗಾಜು, ಎಕ್ಸ್‌ರೇ ಫಿಲ್ಮ್, ಬಾಲ್ದಿಯ ನೀರು ಇವು ಯಾವುವೂ ಕಣ್ಣನ್ನು ಕಾಯಲಾರವು. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಕೆಲವು ನಿಮಿಷವಾದರೂ ಕನ್ನಡಕ ತೆಗೆಯಬಹುದು, ಕಂಕಣದಲ್ಲಿ ಒಂದು ಕ್ಷಣವೂ ತೆಗೆಯುವಂತಿಲ್ಲ.

2031ರ ಗ್ರಹಣ ಬೇರೆ ಬಗೆಯದು. ಚಂದ್ರ ಸೂರ್ಯನ ಶೇ. 96ರಷ್ಟು ಕಾಣುವುದರಿಂದ ಅಂಗಳದಲ್ಲಿ ನಾಣ್ಯವನ್ನು ಹನ್ನೊಂದು ಸೆಂಟಿಮೀಟರ್ ಸರಿಸಬೇಕು. ಗರಿಷ್ಠ ಅವಧಿ 5 ನಿಮಿಷ 26 ಸೆಕೆಂಡು. ಹಾದಿ ಆಫ್ರಿಕದಿಂದ ಅರಬ್ಬಿ ಸಮುದ್ರ ದಾಟಿ ಕೊಚ್ಚಿ, ಆಲಪ್ಪುಳ, ತೇನಿ, ಮಧುರೆಗಳ ಮೇಲೆ ಸಾಗುತ್ತದೆ. ಹಾಸನಕ್ಕೆ ಈ ಬಾರಿಯೂ ಪಾರ್ಶ್ವಗ್ರಹಣವೇ. ಮೇ ಮೂರನೆಯ ವಾರದಲ್ಲಿ ಕೇರಳದ ಮಧ್ಯಾಹ್ನದ ಮೋಡಗಳನ್ನು ನೆಚ್ಚಿಕೊಳ್ಳಲು ಮಲೆನಾಡಿನವನಾದ ನನಗೆ ಧೈರ್ಯವಿಲ್ಲ. ಘಟ್ಟದಾಚೆಯ ಮಧುರೆಯ ಕಡೆಗೆ ಹೋಗುವುದು ಲೇಸು. ಇನ್ನೊಂದು ತೊಡಕೆಂದರೆ, ಒಂದು ಗಂಟೆಯ ಸುಮಾರಿಗೆ ಸೂರ್ಯ ಬಹುತೇಕ ನೆತ್ತಿಯ ಮೇಲಿರುತ್ತಾನೆ. ಕುಟ್ಟದಲ್ಲಿ ಬೆಳಗಿನ ಓರೆ ಬಿಸಿಲಿದ್ದುದರಿಂದ ಕಾಗದವನ್ನು ದೂರದರ್ಶಕದ ಹಿಂದೆ ಹಿಡಿದಿದ್ದೆ. ಈ ಸಲ ಕೊಳವೆ ಮೇಲ್ಮುಖವಾಗಿ ನಿಂತು ಬಿಂಬ ನೆಲದ ಮೇಲೆ ಬೀಳುವುದರಿಂದ, ನೇತ್ರಮಸೂರದ ಬಳಿ 45 ಡಿಗ್ರಿ ಕೋನದ ಕನ್ನಡಿ ಇಟ್ಟು ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಪೆಟ್ಟಿಗೆಯೊಂದನ್ನು ಪ್ಲೈವುಡ್ಡಿನಲ್ಲಿ ಮಾಡುತ್ತಿದ್ದೇನೆ. ಮೊದಲ ಪೆಟ್ಟಿಗೆಯಲ್ಲಿ ಕನ್ನಡಿ ಅಲುಗಿ ಬಿಂಬ ನಡುಗುತ್ತಿತ್ತು, ಎರಡನೆಯದಕ್ಕೆ ಹಿತ್ತಾಳೆಯ ಹಿಡಿಕೆ ಹಾಕಿಸಿದ್ದೇನೆ.