ವಿಯೆನ್ನಾಕ್ಕೆ ಬಂದಿರಾ? ಸೇವಂತಿಗೆ ಮಾತ್ರ ಕೊಂಡೊಯ್ಯಬೇಡಿ

ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡೋಣ. ಮನೆ ಸೇರಿದ 3 ದಿನಗಳೊಳಗೆ ವಿಳಾಸ ನೋಂದಾಯಿಸಿ ‘ಮೆಲ್ಡೆತ್ಸೆಟೆಲ್’ ಮಾಡಿಸಿಕೊಳ್ಳಿ. ಬ್ಯಾಂಕು, ಶಾಲೆ, ಎಲ್ಲ ಕಡೆಯೂ ಆ ಹಾಳೆಯನ್ನೇ ಕೇಳುತ್ತಾರೆ. ಉಳಿದದ್ದನ್ನು ಕಚೇರಿಯವರೇ ಹೇಳುತ್ತಾರೆ.

ಅವರು ಹೇಳದೆ ಬಿಡುವುದು ನಮಸ್ಕಾರದ ವಿಷಯ. ಅಂಗಡಿಗೆ ಕಾಲಿಟ್ಟಾಗ, ಮೆಟ್ಟಿಲಲ್ಲಿ ಯಾರಾದರೂ ಎದುರಾದಾಗ, ವೈದ್ಯರಿಗಾಗಿ ಕಾದು ಕುಳಿತವರ ನಡುವೆ ಹೋಗಿ ಕೂರುವಾಗ ‘ಗ್ರ್ಯೂಸ್ ಗಾಟ್’ ಎನ್ನಲೇಬೇಕು, ಅದೂ ಎಲ್ಲರಿಗೂ ಕೇಳಿಸುವಂತೆ. ನಮ್ಮೂರಿನಲ್ಲಿ ಮುಗುಳ್ನಕ್ಕು ತಲೆಯಾಡಿಸಿದರೆ ಮರ್ಯಾದಸ್ಥ. ಇಲ್ಲಿ ಬಾಯಿ ಬಿಡದವನು ಸೊಕ್ಕಿನವನು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ಮೊಸರು ತಂದಿಡಿ. ರಾತ್ರಿ ಹತ್ತರ ನಂತರ ದೋಸೆಹಿಟ್ಟು ರುಬ್ಬಬೇಡಿ. ಹಳೆಯ ಕಟ್ಟಡಗಳ ಮರದ ನೆಲದಲ್ಲಿ ಮಿಕ್ಸಿಯ ಸದ್ದು ಕೆಳಮನೆಯವರ ಮಂಚದವರೆಗೂ ಇಳಿಯುತ್ತದೆ. ಇನ್ನು ನೀರಿನ ಫಿಲ್ಟರಿಗೆ ದುಡ್ಡು ಸುರಿಯುವ ನಮ್ಮವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. 1873ರಿಂದ ಆಲ್ಪ್ಸ್ ಬೆಟ್ಟದ ಒರತೆಯ ನೀರು ಈ ಊರಿಗೆ ಹರಿದುಬರುತ್ತಿದೆ. ನಲ್ಲಿ ತಿರುಗಿಸಿ, ಕುಡಿಯಿರಿ.

ಕಾಫಿಮನೆಯಲ್ಲಿ ನಮ್ಮ ದರ್ಶಿನಿಯ ಅವಸರ ನಡೆಯುವುದಿಲ್ಲ. ಮೆಲಾಂಜ್, ಅಂದರೆ ನೊರೆಹಾಲಿನ ಕಾಫಿ, ಹೇಳಿದರೆ ಪುಟ್ಟ ತಟ್ಟೆಯ ಮೇಲೆ ಕಾಫಿಯ ಜೊತೆ ಒಂದು ಲೋಟ ನೀರು ಬರುತ್ತದೆ. ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆ ತೆಗೆದುಕೊಂಡು ಎಷ್ಟು ಹೊತ್ತಾದರೂ ಕೂರಬಹುದು. ನೀವಾಗಿ ಕೇಳುವವರೆಗೆ ಬಿಲ್ಲು ಬರುವುದಿಲ್ಲ. ಮಾಣಿ ಮುಖ ಗಂಟಿಕ್ಕಿಕೊಂಡಿದ್ದರೆ ನಿಮ್ಮ ಬಣ್ಣವೇ ಕಾರಣವೆಂದು ಒಮ್ಮೆಲೇ ನೊಂದುಕೊಳ್ಳಬೇಡಿ. ಊರಿನವರಿಗೂ ಅವರದು ಅದೇ ಮುಖ.

ಈಗ ಸೇವಂತಿಗೆಯ ಕಥೆ. ಅಕ್ಟೋಬರ್ ಕೊನೆಗೆ ಅಂಗಡಿಗಳ ಮುಂದೆ ಹಳದಿ, ಬಿಳಿ ಸೇವಂತಿಗೆಯ ಕುಂಡಗಳು ಸಾಲಾಗಿ ಬಂದು ಕೂರುತ್ತವೆ. ಆಯುಧಪೂಜೆ, ದೀಪಾವಳಿಯ ಹೂವು ಕಂಡರೆ ನಮ್ಮ ಕೈ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಅಜ್ಜಿ ಕೇಕ್ ತಿನ್ನಲು ಕರೆದಿದ್ದರು. ಇರುವುದರಲ್ಲೇ ತುಂಬಿದ ಕುಂಡ ಆರಿಸಿ, ಎರಡೂ ಕೈಗಳಿಂದ ಕೊಟ್ಟೆ. ಅವರು ಕುಂಡವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಹಳ ವಿನಯದಿಂದ, ‘ಇನ್ನೂ ಬದುಕಿದ್ದೇನಲ್ಲ’ ಎಂದರು. ಇಲ್ಲಿ ಆ ಹೂವು ಸಮಾಧಿಗೆ. ಅಂಗಡಿಯವಳಾದರೂ ಒಂದು ಮಾತು ಹೇಳಬಾರದಿತ್ತೇ! ಅಜ್ಜಿ ಅದನ್ನು ಗಂಡನ ಸಮಾಧಿಗೆ ಒಯ್ದರೆಂದು ಆಮೇಲೆ ತಿಳಿಯಿತು.

ಆ ಸಮಾಧಿಗಳ ಹಬ್ಬ ನವೆಂಬರ್ 1, ಸರ್ವಸಂತರ ದಿನ. ನಮ್ಮ ರಾಜ್ಯೋತ್ಸವವೂ ಅಂದೇ. ಇಲ್ಲಿ ಸರ್ಕಾರಿ ರಜೆ, ಆದ್ದರಿಂದ ಕನ್ನಡಿಗರು ಸೇರುವುದು ಸುಲಭ. ಆದರೆ ಹಳದಿ ಕೆಂಪು ಶಾಲು ಹೊದ್ದು ನಾವು ಟ್ರಾಮ್ ಹತ್ತಿದರೆ, ಅದೇ ಟ್ರಾಮಿನಲ್ಲಿ ಕಪ್ಪು ಕೋಟಿನವರು ಹೂವು, ದೀಪ ಹಿಡಿದು ಕುಳಿತಿರುತ್ತಾರೆ. ದನಿ ತಗ್ಗಿಸಿಕೊಳ್ಳಿ, ಡೊಳ್ಳನ್ನು ಸಭಾಂಗಣಕ್ಕೆ ಇಟ್ಟುಕೊಳ್ಳಿ. 71ನೇ ನಂಬರಿನ ಟ್ರಾಮ್ ಹೋಗುವುದು 1874ರಲ್ಲಿ ತೆರೆದ ಕೇಂದ್ರ ಸ್ಮಶಾನಕ್ಕೆ. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಮಲಗಿರುವುದು ಅಲ್ಲಿಯೇ. ಯಾರಾದರೂ ತೀರಿಕೊಂಡರೆ ‘71 ಹತ್ತಿದರು’ ಎನ್ನುವುದು ಈ ಊರಿನ ಹಾಸ್ಯ. ಒಮ್ಮೆಯಾದರೂ ಆ ದಿನ ಹೋಗಿಬನ್ನಿ. ಸ್ಮಶಾನಕ್ಕೆ ಹೋಗಿ ಬಂದವರು ಸ್ನಾನ ಮಾಡಬೇಕೆಂದು ಕೈಕಾಲು ಕೊಡವುವ ನಮಗೆ ಅಲ್ಲಿ ಕೈಗಾಡಿಯ ಕೂಸು, ಮೊಮ್ಮಕ್ಕಳನ್ನೆಲ್ಲ ಕರೆತಂದವರನ್ನು ಕಂಡು ಗೊಂದಲವಾಗುತ್ತದೆ.

ಹಾಗೆ ಕರೆದೊಯ್ದಾಗ ನನ್ನ ಮಗಳು, ‘ನಮ್ಮ ತಾತನದು ಎಲ್ಲಿದೆ?’ ಎಂದಳು. ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು, ನೀರಿನಲ್ಲಿ ಹೋದರು ಎಂದೆ. ‘ಹಾಗಾದರೆ ದೀಪ ಎಲ್ಲಿಡುವುದು?’ ಅಪ್ಪನ ತಿಥಿಯನ್ನು ಕೆಲಸದ ದಿನ ಬಂತೆಂದು ಶನಿವಾರಕ್ಕೆ ತಳ್ಳುವ ನಾನು ಏನು ಹೇಳಲಿ? ಹಬ್ಬಗಳನ್ನೆಲ್ಲ ವಾರಾಂತ್ಯಕ್ಕೆ ಸರಿಸಿ ಸರಿಸಿ, ಮಕ್ಕಳ ಪಾಲಿಗೆ ನಮ್ಮ ಪಂಚಾಂಗದಲ್ಲಿ ಉಳಿದಿರುವುದು ಶನಿವಾರ ಒಂದೇ.

ಅವರ ಪಂಚಾಂಗ ಮಾತ್ರ ದಿನ ತಪ್ಪುವುದಿಲ್ಲ. ನವೆಂಬರ್ 11ಕ್ಕೆ ಸಂತ ಮಾರ್ಟಿನನ ದಿನ, ಶಿಶುವಿಹಾರದ ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಹಾಡುತ್ತಾ ಹೊರಡುತ್ತಾರೆ; ಅಪ್ಪ ಅಮ್ಮ ಹೋಗಲೇಬೇಕು. ಡಿಸೆಂಬರ್ 5ಕ್ಕೆ ತುಂಟ ಮಕ್ಕಳನ್ನು ಹೆದರಿಸುವ ಕೊಂಬಿನ ಭೂತ ಕ್ರಾಂಪುಸ್, 6ಕ್ಕೆ ಸಂತ ನಿಕೊಲೊ. 24ರ ಸಂಜೆ ಉಡುಗೊರೆ ತರುವುದು ಕ್ರಿಸ್ಟ್‌ಕಿಂಡ್, ಅಂದರೆ ಬಾಲ ಯೇಸು. ಸಾಂಟಾ ತರುತ್ತಾನೆಂದು ಹೇಳಿ ಮಗುವನ್ನು ತರಗತಿಯಲ್ಲಿ ನಗೆಪಾಟಲಿಗೆ ಈಡುಮಾಡಬೇಡಿ. ಬದಲಿಗೆ ದಸರೆಯಲ್ಲಿ ಬೊಂಬೆ ಕೂರಿಸಿ ಆ ಮಕ್ಕಳನ್ನೆಲ್ಲ ಕರೆಯಿರಿ, ಶನಿವಾರಕ್ಕೆ ಕಾಯದೆ.

ಕೊನೆಯದು ಒಪೆರಾ. 1869ರ ಆ ಭವ್ಯ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ವರ್ಷಗಟ್ಟಲೆ ಒಳಗೆ ಹೋಗದವರು ನಮ್ಮಲ್ಲಿ ಬಹಳ. ನಿಂತು ನೋಡುವ ಟಿಕೆಟ್ ಅಗ್ಗ. ಒಳಹೋದ ಕೂಡಲೇ ಕಂಬಿಗೆ ಶಾಲು ಕಟ್ಟಿದರೆ ಜಾಗ ನಿಮ್ಮದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಬೆಳೆದ ನಮಗೆ ಇದನ್ನು ಬೇರೆ ಕಲಿಸಬೇಕೇ? ಪಕ್ಕದಲ್ಲಿ ನಿಂತವರು ಎಲ್ಲಿಯವರೆಂದು ಕೇಳಿದರೆ ಮೈಸೂರು ಸೀಮೆಯವರು ಎನ್ನಿ. 1919ರಿಂದ 1924ರವರೆಗೆ ಇದೇ ಒಪೆರಾ ನಡೆಸಿದ ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಹಣದ ಆಸರೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್ ಎಂದು ಹೇಳಿ. ಆಮೇಲೆ ಮಾತಿಗೆ ಬರವಿರುವುದಿಲ್ಲ. ಪರದೆ ಏಳುವ ಮುನ್ನ ನಿಲ್ಲಿಸಿದರೆ ಸಾಕು.