ಗಡಿ ಮುಚ್ಚಿದರೂ ಹಿರಿಯರ ಮದ್ದು ನಿಲ್ಲಬಾರದು

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ-ಕೇರಳ ನಡುವಿನ ತಲಪಾಡಿ ಗಡಿ ಬಂದ್ ಆದಾಗ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ನಮಗೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ ಅಲ್ವಾ? ಆಂಬುಲೆನ್ಸ್‌ಗೂ ದಾರಿ ಸಿಗದೆ ರೋಗಿಗಳು ಸತ್ತರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಗುವಾಗ ಏಪ್ರಿಲ್ 7. ಹಾರ್ಟಿನ ತೊಂದರೆ ಇರುವ ಅಜ್ಜನಿಗೆ ಅಷ್ಟು ದಿನ ಕಾಯಲು ಆಗುತ್ತದೆಯೇ?

ಹಾಗಾಗಿ ಗಡಿಯ ಈಚೆಗೂ ಒಬ್ಬ ಡಾಕ್ಟರ್ ಇರಲಿ, ಅದೂ ಈಗಲೇ. ಮಂಗಳೂರಿನ ಡಾಕ್ಟರನ್ನು ಬಿಡಿ ಅಂತ ಹೇಳುತ್ತಿಲ್ಲ. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ, ಬಿಪಿ-ಶುಗರ್ ಕ್ಲಿನಿಕ್‌ನಲ್ಲಿ ಹೆಸರು ಬರೆಸಿ. ಅಲ್ಲಿ ಮಾತ್ರೆ ಉಚಿತ. ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ, ಆಶಾ ಕಾರ್ಯಕರ್ತೆಗೆ ಹೇಳಿಡಿ.

ಆಮೇಲೆ ಮಾತ್ರೆಯ ಚೀಟಿ. ಇದನ್ನು ಸುಮ್ನೆ ಗೀಚಬೇಡಿ. ಮಂಗಳೂರಿನಲ್ಲಿ ಬರೆದುಕೊಟ್ಟ ಬ್ರಾಂಡ್ ಇಲ್ಲಿನ ಅಂಗಡಿಯಲ್ಲಿ ಸಿಗದೇ ಇರಬಹುದು, ಅದಕ್ಕೆ ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರನ್ನೇ ನೋಡಿ ಬರೆಯಿರಿ: ಮೆಟ್‌ಫಾರ್ಮಿನ್ 500, ಆಮ್ಲೋಡಿಪಿನ್ 5, ಹೀಗೆ. ಯಾವ ಹೊತ್ತಿಗೆ ಎಷ್ಟು, ಯಾವ ಮದ್ದು ಅಲರ್ಜಿ, ಯಾವಾಗ ಏನು ಆಪರೇಷನ್ ಆಗಿದೆ, ಎಲ್ಲ ಇರಲಿ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಕಡೆ ನಡೆಯುತ್ತದೆ. ಅಜ್ಜಿಗೆ ಕನ್ನಡ, ತುಳು ಮಾತ್ರ ಗೊತ್ತು, ನರ್ಸಿಗೆ ಮಲಯಾಳ ಮಾತ್ರ ಅಂದರೆ ಕಷ್ಟ, ಹಾಗಾಗಿ ಮಲಯಾಳ ಬರುವ ಒಬ್ಬರ ಫೋನ್ ನಂಬರ್ ಅದರಲ್ಲೇ ಇರಲಿ. ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಬೇಕು.

ಮಾತ್ರೆ ಒಂದು ತಿಂಗಳಿನದ್ದು ಜಾಸ್ತಿ ಇರಲಿ, ಹಳೆಯದನ್ನು ಮೊದಲು ಮುಗಿಸಿ. ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ.

ಮಾಮೂಲಿ ತಪಾಸಣೆಗೆ ಸರಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವನಿಯಲ್ಲಿ ಮನೆಯಿಂದಲೇ ಡಾಕ್ಟರ ಹತ್ತಿರ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ನಂಬರ್ 1056. ಹಿರಿಯರಿಗೆ ಮೊಬೈಲ್ ಕೊಟ್ಟು ಹೋಗಬೇಡಿ, ಪಕ್ಕದಲ್ಲೇ ಕೂತುಕೊಳ್ಳಿ, ಆದರೆ ಮಾತು ಅವರೇ ಆಡಲಿ.

ಇನ್ನೊಂದು ಮುಖ್ಯ ವಿಷಯ. ವಯಸ್ಸಾದವರಿಗೆ ಸೋಂಕು ತಗಲಿದರೆ ಜ್ವರ ಬರಲೇಬೇಕೆಂದಿಲ್ಲ. ಊಟ ಬೇಡ ಅನ್ನುವುದು, ಇದ್ದಕ್ಕಿದ್ದಂತೆ ಏನೇನೋ ಮಾತಾಡುವುದು, ಬೀಳುವುದು, ಇವೇ ಲಕ್ಷಣ ಇರಬಹುದು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕುವ ಮೊದಲು ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ, ಅಂಕಿ ನಿಲ್ಲುವ ತನಕ ಕಾಯಿರಿ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ತಿಳಿಸಿ. 90ಕ್ಕಿಂತ ಕಡಿಮೆಯಾದರೆ, ಎದೆನೋವು ಬಂದರೆ, ಬಾಯಿ ಒಂದು ಕಡೆಗೆ ವಾಲಿದರೆ, ಗಡಿ ತೆರೆದಿದೆಯಾ ಅಂತ ವಿಚಾರಿಸುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಆ ಚೀಟಿ ಹಿಡಿದುಕೊಂಡು ಹೊರಡಿ.